ರೀಡಿಂಗ್

ಕಾಮಾಕ್ಷಿಪಾಳ್ಯದ ಕೊನೇ ಕ್ರಾಸಿನಲ್ಲಿ
ಮಧ್ಯಾಹ್ನ ಒಂದೂವರೆಗೆ ನನ್ನ ಸುತ್ತು ಮುಗಿಯುತ್ತದೆ.
ಬಾಗಿಲು ಹಾಕಿದ ಹಿಟ್ಟಿನ ಗಿರಣಿಯ ಕಟ್ಟೆ ಮೇಲೆ ಕೂತು
ದಿನಾ ಊಟದ ಡಬ್ಬಿ ಬಿಚ್ಚುವವನು
ಇವತ್ತು ಫೋನು ಬಿಚ್ಚಿದೆ.

ನಿನ್ನೆ ಎಸ್.ಪಿ. ರೋಡಿನ ನಫೀಸಾ
ಒಡೆದ ಗಾಜು ಬದಲಿಸುತ್ತಾ, ಕತ್ತೆತ್ತದೆ, ಅಂದಿದ್ದಳು:
'ಆಪುಗಳನ್ನ ಬೈತಾ ಕೂತಿರ್ತೀರಲ್ಲ ಸಾರ್,
ಆಪ್ ಕೊಡೋ ಅಂಗಡೀನ ಯಾವತ್ತಾದ್ರೂ ನೋಡಿದೀರಾ?
ಮೂಲೇಲಿ ನಿಮ್ಮ ಮುಖ ಇರುತ್ತೆ.
ಅದನ್ನ ಒತ್ತಿ.'

ಒತ್ತಿದೆ.

ತೆಗೆದು ಬಿಸಾಕಿದ್ದೆಲ್ಲ ಅಲ್ಲಿತ್ತು.
ಸಕ್ಕರೆ ಕಾಯಿಲೆಯ ಲೆಕ್ಕದ್ದು, ಎರಡೇ ದಿನ ಇಟ್ಟುಕೊಂಡಿದ್ದು.
ಐದು ನಿಮಿಷಕ್ಕೆ ಸಾಲ ಕೊಡುವಂಥದ್ದು
(ಗಂಗಲಕ್ಷ್ಮಿಗೆ ಗೊತ್ತಿಲ್ಲ).
ರಮ್ಮಿ.
ತಂಗಿ ಪುಟ್ಟಗೌರಿಗೆ ಗಂಡು ಹುಡುಕಿದ್ದು, ಮೂರು.
ಕೂದಲುದುರುವುದಕ್ಕೆ ಯಾವುದೋ ಒಂದು.
ಮತ್ತೆ ರಮ್ಮಿ, ಬೇರೆ ಕಂಪನಿಯದು.
ಮನೆಯವರಿಗೂ ಹೇಳದ ನನ್ನ ಚರಿತ್ರೆಯನ್ನು
ಅಂಗಡಿಯವನು ಜೋಪಾನವಾಗಿ ಬರೆದಿಟ್ಟಿದ್ದ,
ಒಂದು ಕಾಗುಣಿತ ತಪ್ಪಿಲ್ಲದೆ.

ಕೋಪ ಬರಬೇಕಿತ್ತು. ನಾಚಿಕೆ ಬಂತು.
ಯಾಕೆಂದರೆ ಈ ಕಸುಬು ನನಗೆ ಗೊತ್ತು.

ಇಪ್ಪತ್ತೆರಡು ವರ್ಷ ಕರೆಂಟು ಮೀಟರು ಓದಿದ್ದೇನೆ.
ಗಾಜಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸಿದರೆ ಸಾಕು,
ಮನೆ ತಾನೇ ಬಾಯಿ ಬಿಡುತ್ತದೆ:
ಹದಿನಾಲ್ಕನೇ ನಂಬರಿಗೆ ಗೀಸರ್ ಬಂದಿದೆ,
ಮಹಡಿ ಮೇಲಿನ ಪಿ.ಜಿ.ಯಲ್ಲಿ ಹೇಳಿದ್ದಕ್ಕಿಂತ ಆರು ಜನ ಹೆಚ್ಚು,
ನೀಲಿ ಗೇಟಿನ ಮನೆಗೆ ತಿಂಗಳಿಗೆ ಒಂಬತ್ತೇ ಯೂನಿಟ್ಟು.
ಆಕೆ ಹೋದಳು,
ಆತ ಲೈಟು ಹಾಕುವುದನ್ನೇ ಬಿಟ್ಟ.
ಬೀದಿಗಿಂತ ಮೊದಲು ನನಗೆ ಗೊತ್ತಾಗಿತ್ತು.

ಕೆಲಸ ಕಲಿಸಿದ ಮುನಿಹನುಮಯ್ಯನವರು
ಮೊದಲ ದಿನವೇ ಬೀಡಿ ಹಚ್ಚುತ್ತಾ ಹೇಳಿದ್ದರು:
'ಅಂಕಿ ತಗಂಡು ಬಾ. ಕತೆ ಅಲ್ಲೇ ಬುಟ್ಟು ಬಾ.'
ಬಿಟ್ಟು ಬಂದಿದ್ದೇನೆ. ಬಹುಪಾಲು.
ಒಂದೇ ಸಲ, ಟೀ ಅಂಗಡಿಯಲ್ಲಿ, ಪಿ.ಜಿ. ವಿಷಯ ಆಡಿಬಿಟ್ಟೆ.
ಮೂರನೇ ದಿನ ಆ ಹುಡುಗಿಯರ ಹಾಸಿಗೆಗಳು
ಫುಟ್‌ಪಾತಿನ ಮೇಲಿದ್ದವು, ಒಂದರ ಮೇಲೆ ಇಸ್ತ್ರಿಪೆಟ್ಟಿಗೆ.
ಈಗಲೂ ಆ ಕ್ರಾಸನ್ನು ಕೊನೆಗೇ ಇಟ್ಟುಕೊಳ್ಳುತ್ತೇನೆ.

ಒಂದೊಂದೇ ಆರಿಸುತ್ತಾ ಹೋದೆ.
ಹಳೆಯ ಪಟ್ಟಿ, ಗುರುತು ಹಾಕಿ ಹಾಕಿ ಅಳಿಸಿದೆ.
(ರಮ್ಮಿಯ ಮೇಲೆ ಬೆರಳು ತುಸು ನಿಂತಿತು, ಸುಳ್ಳೇಕೆ.)
ಜಾಹೀರಾತಿನವರು ನನಗೆ ಕೊಟ್ಟಿದ್ದ ನಂಬರು, ಅಳಿಸಿದೆ.
ಮನೆ ಮನೆಯ ಆರ್.ಆರ್. ನಂಬರ್ ಬಾಯಿಪಾಠವಿದ್ದವನಿಗೆ
ತನಗೂ ಒಂದಿದೆಯೆಂದು ಗೊತ್ತಿರಲಿಲ್ಲ.
'ನಿಮಗಾಗಿ ಆಯ್ದದ್ದು.' ಬೇಡ.
ಬಳಕೆಯ ವರದಿ ಕಳಿಸುವುದು. ಬೇಡ.
ನಾನೆಲ್ಲಿ ಕೂತಿದ್ದೇನೆಂದು ಅಂಗಡಿಗೇಕೆ? ಬೇಡ.
ಹಸಿರು ಗುಂಡಿ ಬೂದಿ ಬಣ್ಣಕ್ಕೆ ಹೊರಳಿತು, ಸದ್ದಿಲ್ಲದೆ.
ಫ್ಯೂಸು ಕಿತ್ತರೆ ಕೈಗೆ ಬರುವ
ಆ ಸಣ್ಣ 'ಟಕ್' ಆದರೂ ಇರಬೇಕಿತ್ತು.
ಕರೆಂಟು ಹೋಯಿತೋ, ಬರೀ ಬಲ್ಬು ಆರಿತೋ
ನೋಡಲು ಇದಕ್ಕೊಂದು ಟೆಸ್ಟರ್ ಇಲ್ಲ.

ಅಂಗಡಿಯನ್ನೇ ಮುಚ್ಚೋಣವೆಂದರೆ ಆಗಲಿಲ್ಲ.
ನಾಳೆ ಬಿಲ್ಲಿಂಗ್ ಆಪು ಹೊಸದಾಗಿ ಅಲ್ಲಿಂದಲೇ ಇಳಿಯಬೇಕು,
ಅದಕ್ಕೆ ನಾನು ಯಾವ ಮೀಟರಿನ ಮುಂದೆ ನಿಂತಿದ್ದೇನೆಂದು ತಿಳಿಯಬೇಕು,
ಇಲ್ಲದಿದ್ದರೆ ಹಾಜರಿ ಬೀಳದು.
ಸರಿ. ಏಳರಿಂದ ಒಂದೂವರೆ ತನಕ ಆಫೀಸಿಗೆ ಕಾಣುತ್ತೇನೆ.
ಆಮೇಲಿನ ನಾನು
ಈ ಕಟ್ಟೆಗೆ ಮಾತ್ರ ಗೊತ್ತು.

ಮುಂದಿನ ವರ್ಷ ಇಲ್ಲಿಗೂ
ತಾನೇ ಮಾತಾಡುವ ಮೀಟರು ಬರುತ್ತದಂತೆ,
ಕಾಲು ಗಂಟೆಗೊಮ್ಮೆ ವರದಿ ಒಪ್ಪಿಸುತ್ತದಂತೆ.
ಅದರ ಪಕ್ಕ ಕೂತು ಬೀಡಿ ಹಚ್ಚುವವರು ಯಾರು?

ಡಬ್ಬಿ ಮುಚ್ಚಿ ಏಳುವಾಗ
ನೀಲಿ ಗೇಟಿನಾತ ಎದುರಾದ, ಕೈಯಲ್ಲಿ ಕೊತ್ತಂಬರಿ ಕಟ್ಟು.
'ಈ ಸಲ ಎಷ್ಟು ಬಂತು?'
'ಮೂವತ್ತೊಂದು,' ಎಂದೆ.
ಆತ ತಲೆಯಾಡಿಸಿದ.
ಮುಂದಕ್ಕೆ ಇಬ್ಬರೂ ಏನೂ ಕೇಳಲಿಲ್ಲ.